ಸಾಂತಾನಿಗೆ ರಜೆಯಿಲ್ಲ

ಡಿಸೆಂಬರ್ ಬಂತೆಂದರೆ ಹೈದರಾಬಾದಿನ ಗಚ್ಚಿಬೌಲಿ, ಕೊಂಡಾಪುರದ ಕಡೆಯ ನಮ್ಮ ಕನ್ನಡದ ಅಪ್ಪ ಅಮ್ಮಂದಿರಿಗೂ ಒಂದೇ ಚಿಂತೆ: ಈ ಸಲದ ಕ್ರಿಸ್‌ಮಸ್ಸನ್ನು ಮಕ್ಕಳಿಗೆ ಸ್ಪೆಷಲ್ ಮಾಡುವುದು ಹೇಗೆ? ಇವರು ಚಿಕ್ಕವರಿದ್ದಾಗ ಡಿಸೆಂಬರ್ ಅಂದರೆ ಧನುರ್ಮಾಸ. ಕತ್ತಲಿರುವಾಗಲೇ ಎಬ್ಬಿಸಿ, ನೀರು ಹಾಕಿ, ಬಿಸಿ ಹುಗ್ಗಿ ಬಡಿಸುತ್ತಿದ್ದರು. ಹುಗ್ಗಿಯನ್ನು ಯಾರೂ ಸ್ಪೆಷಲ್ ಮಾಡುತ್ತಿರಲಿಲ್ಲ. ಬೇಡವೆಂದರೆ ಬೀಳುತ್ತಿದ್ದ ಬೈಗುಳ ಮಾತ್ರ ಸ್ಪೆಷಲ್.

ಈಗ ಹಾಲ್‌ನಲ್ಲಿ ಬೇಗಂ ಬಜಾರಿನ ಪ್ಲಾಸ್ಟಿಕ್ ಮರ, ಅದರ ಮೇಲೆ ಡಬ್ಬಿಯಿಂದ ಉದುರಿಸಿದ ಹಿಮ, ತಲೆಯ ಮೇಲೆ ತಿರುಗುವ ಫ್ಯಾನು. ಮೇಜಿನ ಮೇಲೆ ಮೊಟ್ಟೆಯಿಲ್ಲದ, ರಮ್ಮಿಲ್ಲದ, ಸಕ್ಕರೆಯೂ ಇಲ್ಲದ ಪ್ಲಮ್ ಕೇಕು. ಅಜ್ಜಿಗೂ ನಡೆಯುತ್ತದೆ, ಡಯಟಿಗೂ ನಡೆಯುತ್ತದೆ. ಯೇಸುವನ್ನಂತೂ ಮೊದಲೇ ಕೈಬಿಟ್ಟಾಗಿದೆ.

ಉಡುಗೊರೆಯ ವ್ಯವಸ್ಥೆ ಇನ್ನೂ ಸೊಗಸು. ಅಪ್ಪ ಆನ್‌ಲೈನಿನಲ್ಲಿ ತರಿಸುತ್ತಾನೆ, ಅಮ್ಮ ಬಣ್ಣದ ಕಾಗದ ಸುತ್ತಿ ಫ್ಲ್ಯಾಟ್ ನಂಬರ್ ಬರೆದು ಅಸೋಸಿಯೇಷನ್ ಆಫೀಸಿಗೆ ಗುಟ್ಟಾಗಿ ಮುಟ್ಟಿಸುತ್ತಾಳೆ. 24ರ ಸಂಜೆ ಕ್ಲಬ್‌ಹೌಸಿನಲ್ಲಿ ಸಾಂತಾ ಅದನ್ನೇ ಮಗುವಿಗೆ ಕೊಡುತ್ತಾನೆ. ಎ ಬ್ಲಾಕಿಗೆ ಡ್ರೋನ್ ಕೊಟ್ಟ ಸಾಂತಾ ತನಗೆ ಬರೀ ಸ್ಕೆಚ್‌ಪೆನ್ ಯಾಕೆ ಕೊಟ್ಟ ಎಂದು ಸಿ ಬ್ಲಾಕಿನ ಮಗು ಅಳುತ್ತದೆ. ಅಲ್ಲಿಗೆ ಸಾಂತಾನಿಗೂ ನಮ್ಮ ಹಾಗೆಯೇ ಇಎಂಐ ಇದೆಯೆಂದು ಮಕ್ಕಳಿಗೆ ತಿಳಿದುಹೋಗುತ್ತದೆ.

ಈ ಸಲ ಬಾಡಿಗೆ ಸಾಂತಾ ದುಬಾರಿಯಾದ. ಕಮಿಟಿಯವರು ವಾಚ್‌ಮನ್ನನ ಹೊಟ್ಟೆಗೆ ದಿಂಬು ಕಟ್ಟಿ, ಹತ್ತಿಯ ಗಡ್ಡ ಅಂಟಿಸಿದರು. ಅವನ ಸಂಬಳದಲ್ಲಿ ಆ ಹೊಟ್ಟೆ ಬರಬೇಕಾದರೆ ದಿಂಬೇ ಗತಿ.

ಆತ ಮೆದಕ್ ಕಡೆಯವನು. ಇಲ್ಲಿಂದ ಸುಮಾರು ನೂರು ಕಿಲೋಮೀಟರ್. ಅಲ್ಲಿನ ದೊಡ್ಡ ಚರ್ಚು ನಮ್ಮವರ ವೀಕೆಂಡ್ ಸೆಲ್ಫಿಗಳಿಗೆ ಚೆನ್ನಾಗಿ ಪರಿಚಿತ. ಬರಗಾಲದಲ್ಲಿ ಚಾರ್ಲ್ಸ್ ವಾಕರ್ ಪಾಸ್ನೆಟ್ ಎಂಬ ಪಾದ್ರಿ, ಹಸಿದ ಜನಕ್ಕೆ ಕೆಲಸ ಕೊಟ್ಟು, ಕೆಲಸಕ್ಕೆ ಕೂಳು ಕೊಟ್ಟು, ಹತ್ತು ವರ್ಷ ಕಟ್ಟಿಸಿದ ಚರ್ಚದು. 1924ರ ಡಿಸೆಂಬರ್ 25ರಂದು ಪ್ರತಿಷ್ಠೆಯಾಯಿತು. ಆ ಕಾಲದ ತಂದೆತಾಯಿಗಳಿಗೆ ಥೀಮ್ ಹುಡುಕುವ ಕಷ್ಟವಿರಲಿಲ್ಲ. ಮಕ್ಕಳಿಗೆ ಊಟವೇ ಸ್ಪೆಷಲ್ ಆಗಿತ್ತು.

ಕಾರ್ಯಕ್ರಮ ಮುಗಿದ ಮೇಲೆ ವಾಚ್‌ಮನ್ ಗಡ್ಡ ಕಿತ್ತು ಕೈಯಲ್ಲಿ ಹಿಡಿದುಕೊಂಡು ಸೆಕ್ರೆಟರಿಯ ಮುಂದೆ ನಿಂತ.

‘ಸಾರ್, ನಾಳೆ ಒಂದು ದಿನ ರಜೆ ಬೇಕಿತ್ತು.’

‘ನಾಳೆ ಹೇಗಯ್ಯಾ ಆಗುತ್ತೆ? ಎಲ್ಲರ ಮನೆಗೂ ನೆಂಟರು ಬರ್ತಾರೆ, ಗೇಟ್ ಯಾರು ತೆಗೀತಾರೆ? ಸರ್ಕಾರ 26ಕ್ಕೂ ರಜೆ ಕೊಟ್ಟಿದೆಯಲ್ಲ, ಆವತ್ತು ಹೋಗು. ಮರ ಬಿಚ್ಚಿಟ್ಟು ಹೋಗು, ಅಷ್ಟೆ.’

‘ಊರಲ್ಲಿ ಹೆಂಡತಿ ಮಕ್ಕಳು ಕಾಯ್ತಿದ್ದಾರೆ ಸಾರ್. ಚರ್ಚಿಗೆ ಹೋಗಬೇಕು. ನಾವು ಕ್ರಿಶ್ಚಿಯನ್ನರು.’

ಸೆಕ್ರೆಟರಿ ಹಣೆ ಚಚ್ಚಿಕೊಂಡರು. ‘ಮೊದಲೇ ಹೇಳಬಾರದಿತ್ತೇನಯ್ಯಾ! ಕ್ಯಾರಲ್ಸ್ ಹಾಡೋದಕ್ಕೆ ಹೊರಗಿನವರಿಗೆ ಸುಮ್ಮನೆ ಐದು ಸಾವಿರ ಕೊಟ್ಟುಬಿಟ್ವಿ.’