ಒಂದು ನಲ್ಲಿಗೆ ಬೆಣ್ಣೆ, ಒಂದು ನಲ್ಲಿಗೆ ಸುಣ್ಣ

ನಮ್ಮನೆ ಗೀಸರಿಗೆ ಎಲೆ ಬೇಡ, ಅಡಿಕೆ ಬೇಡ, ಬರೀ ಸುಣ್ಣ ಇದ್ದರೆ ಸಾಕು. ಬೆಳಗ್ಗೆ ಆರಕ್ಕೆ ಸ್ವಿಚ್ ಹಾಕಿದೆವೋ, ಒಳಗಿಂದ ಕಟಕಟ, ಗುಡುಗುಡು ಅಂತ ಮೆಲ್ಲುವ ಸದ್ದು. ಹೊಸದರಲ್ಲಿ ಹತ್ತು ನಿಮಿಷಕ್ಕೆ ಕಾಯುತ್ತಿದ್ದ ನೀರಿಗೆ ಈಗ ಅರ್ಧ ಗಂಟೆ ಬೇಕು. ಹಾಗಂತ ಅದನ್ನು ಬೈಯುವ ಹಾಗಿಲ್ಲ. ಅದಕ್ಕೆ ಬೋರ್ ನೀರು ಕುಡಿಸುತ್ತಿರುವವರು ನಾವೇ ತಾನೆ.

ಬೆಂಗಳೂರಿನಲ್ಲಿ ಬಾಡಿಗೆ ಮನೆ ನೋಡಲು ಹೋದವರು ದೇವರ ಕೋಣೆ ಎಲ್ಲಿ ಅಂತ ಆಮೇಲೆ ಕೇಳುತ್ತಾರೆ. ಮೊದಲ ಪ್ರಶ್ನೆ, "ಕಾವೇರಿನಾ, ಬೋರಾ?" ನಮ್ಮ ಓನರು "ಎರಡೂ ಇದೆ" ಅಂದಿದ್ದರು. ಸುಳ್ಳಲ್ಲ. ಅಡುಗೆಮನೆಯ ಒಂದು ನಲ್ಲಿಗೆ ಕಾವೇರಿ, ಅದೂ ವಾರಕ್ಕೆ ಎರಡು ದಿನ. ಮಿಕ್ಕ ಎಲ್ಲಕ್ಕೂ ಬೋರು. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅನ್ನುವ ಗಾದೆ ಕಟ್ಟಿದವನು ಖಂಡಿತ ಪ್ಲಂಬರನೇ. ಕಾವೇರಿಯಾದರೂ ಸುಮ್ಮನೆ ಬಂದವಳೇ? ತೊರೆಕಾಡನಹಳ್ಳಿಯಲ್ಲಿ ಪೈಪು ಹತ್ತಿ, ಹಾರೋಹಳ್ಳಿಯಲ್ಲಿ, ತಾತಗುಣಿಯಲ್ಲಿ ಮತ್ತೆ ಮತ್ತೆ ಪಂಪು ಮಾಡಿಸಿಕೊಂಡು, ಹೆಚ್ಚುಕಡಿಮೆ ನೂರು ಕಿಲೋಮೀಟರ್ ದೂರ, 500 ಮೀಟರ್ ಎತ್ತರ ದಾಟಿ ಬಂದವಳು. ಅಷ್ಟು ಸುಸ್ತಾಗಿ ಬಂದವಳನ್ನು ಗೀಸರಿಗೆ ಹಾಕಿ ಕುದಿಸುವುದುಂಟೇ! ಅದಕ್ಕೆ ಸಾವಿರ ಅಡಿ ಆಳದ ಬೋರಪ್ಪ ಇದ್ದಾನಲ್ಲ.

ಬೋರಪ್ಪನದೂ ತಪ್ಪಿಲ್ಲ ಅನ್ನಿ. ಮಳೆನೀರು ಮಣ್ಣಿನಲ್ಲಿ ಇಳಿಯುವಾಗ ಕಾರ್ಬನ್ ಡೈಆಕ್ಸೈಡ್ ಕುಡಿದು ಒಂಚೂರು ಹುಳಿಯಾಗುತ್ತದೆ. ಆ ಹುಳಿಯಲ್ಲೇ ಬಂಡೆಯ ಬಿರುಕಿನಲ್ಲಿ ವರ್ಷಗಟ್ಟಲೆ ಕೂತು, ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ನೆಕ್ಕಿ ಬರುತ್ತದೆ. ಲೋಟದಲ್ಲಿ ನೋಡಿದರೆ ತಿಳಿ ತಿಳಿ, ಸಾಧು. ಕಾಯಿಸಿ ನೋಡಿ, ಬಣ್ಣ ಬಯಲು! ಸಕ್ಕರೆ ಬಿಸಿ ತಾಗಿದರೆ ಇನ್ನಷ್ಟು ಕರಗುತ್ತದೆ. ಇದಕ್ಕೆ ಬಿಸಿ ತಾಗಿದರೆ ಸಾಕು, ಗಾಳಿಯನ್ನು ಬಿಟ್ಟು ಸುಣ್ಣದಕಲ್ಲಾಗಿ ಅಲ್ಲೇ ಬೀಡುಬಿಡುತ್ತದೆ. ಕಲಬುರಗಿ ಕಡೆಯವರು ನೆಲಕ್ಕೆ ಹಾಸುವ ಶಹಾಬಾದ್ ಕಲ್ಲೂ ಸುಣ್ಣದಕಲ್ಲೇ. ಅವರು ಅದನ್ನು ಗಣಿಯಿಂದ ಅಗೆದು ತರುತ್ತಾರೆ. ನಮಗೆ ಕರೆಂಟು ಬಿಲ್ಲಿನ ಜೊತೆ ಬಚ್ಚಲಿಗೇ ಬರುತ್ತದೆ.

ಹೋದ ತಿಂಗಳು ಗೀಸರ್ ಬಿಚ್ಚಿದ ಮೆಕ್ಯಾನಿಕ್ ಒಳಗಿಂದ ಅರ್ಧ ಬಕೆಟ್ ಬಿಳಿ ಚಕ್ಕೆ ಹೊರಗೆ ಹಾಕಿದ. ಮಧ್ಯೆ ಒಂದು ಕೊಂಬು. "ಕಾಯಿಲ್ ಸಾರ್" ಅಂದ. ನನಗೆ ಹವಳದ ದಿಬ್ಬದ ತುಂಡು ಅನ್ನಿಸಿತು. ಸುಣ್ಣದ ಕಂಬಳಿ ಹೊದ್ದ ಕಾಯಿಲಿನ ಕಾವು ನೀರಿಗೆ ದಾಟುವುದಿಲ್ಲವಂತೆ. ಒಳಗೊಳಗೇ ಕುದ್ದು ಒಂದು ದಿನ ಸುಟ್ಟುಹೋಗುತ್ತದಂತೆ. ಕೂಡುಕುಟುಂಬದಲ್ಲಿ ಇಂಥವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. "ಗೀಸರಲ್ಲಿ ಏನೂ ಕಂಪ್ಲೇಂಟ್ ಇಲ್ಲ ಸಾರ್, ನಿಮ್ಮ ನೀರೇ ಸರಿ ಇಲ್ಲ" ಅಂದು ಕಾಯಿಲಿಗೆ ಬಿಲ್ಲು ಬರೆದ. ಅಜ್ಜಿಯ ಕಾಲದ ತಾಮ್ರದ ಹಂಡೆಗೂ ಒಳಗೆ ಹೀಗೇ ಪದರ ಕಟ್ಟುತ್ತಿತ್ತು. ಹುಣಸೆಹುಳಿ ಹಾಕಿ ಉಜ್ಜಿದರೆ ಮುಗಿಯಿತು. ಹಂಡೆಗೆ ಕಾಯಿಲೂ ಇರಲಿಲ್ಲ, ವಾರಂಟಿಯೂ ಇರಲಿಲ್ಲ.

ನೀರು ಟೆಸ್ಟ್ ಮಾಡಿಸಿದ್ದೂ ಆಯಿತು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ಗತಿಯೇ ಇಲ್ಲದಿದ್ದರೆ 600ರ ತನಕ ಒಪ್ಪಿಗೆ. ನಮ್ಮದು 580. "ಪಾಸ್!" ಅಂದರು ಅಪಾರ್ಟ್‌ಮೆಂಟಿನ ಸೆಕ್ರೆಟರಿ, ಮಗ ಮೂವತ್ತೈದು ಮಾರ್ಕು ತಂದಷ್ಟು ಹಿಗ್ಗಿನಿಂದ. ಮೀಟಿಂಗಿನಲ್ಲಿ ಸಾಫ್ಟ್‌ನರ್ ಹಾಕಿಸೋಣ ಅಂತ ಮಾತು ಬಂತು. ಅದರೊಳಗಿನ ರಾಳದ ಮಣಿಗಳು ಕ್ಯಾಲ್ಸಿಯಂ ಹಿಡಿದುಕೊಂಡು ಸೋಡಿಯಂ ಬಿಟ್ಟುಕೊಡುತ್ತವೆ, ಆಗಾಗ ಉಪ್ಪಿನ ಮೂಟೆ ಉಣಿಸಬೇಕು ಅಷ್ಟೆ. ಅಲ್ಲಿಯವರೆಗೆ ಎಲ್ಲರೂ ತಲೆ ಆಡಿಸಿದರು. ಮೇಂಟೆನೆನ್ಸ್ ಎಷ್ಟು ಏರುತ್ತದೆ ಅಂತ ಯಾರೋ ಕೇಳಿದರು ನೋಡಿ, ನೀರು ಅಷ್ಟೇನೂ ಗಡಸಲ್ಲ ಅಂತ ಸರ್ವಾನುಮತದಿಂದ ತೀರ್ಮಾನವಾಯಿತು.

ಅಬರ್ಡೀನಿನ ಪ್ರೊಫೆಸರ್ ಥಾಮಸ್ ಕ್ಲಾರ್ಕ್ 1841ರಲ್ಲೇ ಬೇರೆ ದಾರಿ ಹೇಳಿದ್ದ: ಗಡಸು ನೀರಿಗೆ ಲೆಕ್ಕ ಹಾಕಿ ಸುಣ್ಣ ಬೆರೆಸಿ, ಇರುವ ಸುಣ್ಣವೂ ಜೊತೆಗೆ ತಳಕ್ಕೆ ಇಳಿಯುತ್ತದೆ. ಇದನ್ನು ಮನೆಯಲ್ಲಿ ಹೇಳಿದೆ. "ರೀ, ಮೊದಲು ಬೇಳೆ ಬೇಯಿಸೋ ದಾರಿ ಹೇಳಿ" ಅಂದಳು. ಕಾವೇರಿ ಬರದ ದಿನ ಹುಳಿಗೆ ಬೋರ್ ನೀರಿಟ್ಟರೆ ತೊಗರಿಬೇಳೆ ಸತ್ಯಾಗ್ರಹ ಹೂಡುತ್ತದೆ. ಬೇಳೆಯ ಪೆಕ್ಟಿನ್ನಿಗೆ ನೀರಿನ ಕ್ಯಾಲ್ಸಿಯಂ ಗಂಟು ಬೀಳುತ್ತದೆ. ಕುಕ್ಕರ್ ಎಷ್ಟು ಕೂಗಿದರೂ ಆ ಗಂಟು ಬಿಚ್ಚುವುದಿಲ್ಲ. ವಾಷಿಂಗ್ ಮೆಷಿನ್ನಿನಿಂದ ಬಂದ ಟವೆಲ್ಲು ಒಣಗಿದ ಮೇಲೆ ಹಪ್ಪಳ. ಗೋಡೆಗೆ ಆನಿಸಿದರೆ ನಿಂತುಕೊಳ್ಳುತ್ತದೆ.

ತೀರ್ಥಹಳ್ಳಿಯಿಂದ ಬಂದ ನಮ್ಮತ್ತೆ ಮೈಗೆ ಸೋಪು ಉಜ್ಜಿ ಉಜ್ಜಿ ಸಾಕಾಗಿ, "ಏನ್ ಸೋಪು ಮಾರಾಯ್ರೆ ಇದು, ನೊರೆಯೇ ಇಲ್ಲ!" ಅಂದರು. ಸೋಪು ಕ್ಯಾಲ್ಸಿಯಂ ಜೊತೆ ಸೇರಿ ಒಡೆದ ಹಾಲಿನಂತೆ ಕಟ್ಟುತ್ತದೆ ಅಂತ ಬಕೆಟ್ಟಿನ ಅಂಚಿನ ಜಿಡ್ಡು ತೋರಿಸಿ ವಿವರಿಸಿದೆ. ಅವರು ಬಕೆಟ್ಟನ್ನೂ ನೋಡಿದರು, ನನ್ನ ಬೋಳುತಲೆಯನ್ನೂ ನೋಡಿದರು. ಅವರ ಊರಿನಲ್ಲಿ ನನ್ನ ಪಾಡು ತಿರುವುಮುರುವು: ನಾಲ್ಕು ಚೊಂಬು ಹುಯ್ದುಕೊಂಡರೂ ಸೋಪು ಮೈ ಬಿಡುವುದಿಲ್ಲ. ನಾನು ಬಚ್ಚಲಲ್ಲಿ ಮುಕ್ಕಾಲು ಗಂಟೆ ಇದ್ದರೆ ಹೊರಗೆ "ಅಳಿಯಂದಿರಿಗೆ ಬೆಂಗಳೂರಲ್ಲಿ ನೀರೇ ಸಿಗಲ್ವಾ ಹೇಂಗೆ" ಅಂತ ಪಿಸುಮಾತು.

ಅಂದ ಹಾಗೆ ಮೆಕ್ಯಾನಿಕ್ ಹೊರಡುವಾಗ ನೀರು ಕೇಳಿದ. ನಮ್ಮವಳು ಲೋಟ ತಂದುಕೊಟ್ಟಳು. ನನ್ನ ಗೀಸರಿಗೆ ಅಷ್ಟು ಹೊತ್ತು ಸಮಾಧಾನ ಹೇಳಿದ ಆ ಪುಣ್ಯಾತ್ಮ ಲೋಟವನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು, ಮೆಲ್ಲಗೆ ಕೇಳಿದ:

"ಅಮ್ಮಾ, ಕಾವೇರಿ ತಾನೆ?"