ಗುಬ್ಬಿಗೆ ಫಾಂಟಿದೆ, ಕುಣಿಗಲ್ಲಿಗೆ ಯಾಕಿಲ್ಲ?

ನಮ್ಮ ಮನೆಗೂ ಮೇಷ್ಟ್ರ ಮನೆಗೂ ನಡುವಿನ ಕಾಂಪೌಂಡು ಗೋಡೆ ಎದೆಮಟ್ಟದ್ದು. ಕಾಫಿ ಲೋಟ ಇಡೋದಕ್ಕೆ, ಮೊಣಕೈ ಊರೋದಕ್ಕೆ ಹೇಳಿ ಮಾಡಿಸಿದ ಎತ್ತರ. ತುಮಕೂರಿನ ಈ ಬಡಾವಣೆಗೆ ಬಂದು ಏಳು ವರ್ಷವಾಯಿತು. ನಾನು ಮಾಡೋದು ಕೆಲಸ ಅಂತ ಮೇಷ್ಟ್ರು ಇನ್ನೂ ಪೂರ್ತಿ ಒಪ್ಪಿಲ್ಲ. "ಮನೇಲೇ ಇರ್ತಾನೆ, ಆದ್ರೂ ಸಂಬಳ ಬರುತ್ತೆ" ಅಂತ ಬೀದಿಯವರಿಗೆ ನನ್ನ ಪರಿಚಯ ಮಾಡಿಕೊಡುತ್ತಾರೆ. ವೆಬ್ ಡಿಸೈನರ್ ಅಂದರೆ ಬೋರ್ಡು ಬರೆಯೋನು, ಗೋಡೆ ಬದಲು ಗಾಜಿನ ಮೇಲೆ ಬರೀತಾನೆ ಅಂತ ಒಂದು ದಿನ ಸೋತು ಹೇಳಿದೆ. ಅದು ಹಿಡಿಸಿತು.

ನಾನು ಗುಬ್ಬಿಯವನು. ಅವರು ಕುಣಿಗಲ್ಲಿನವರು, ಕನ್ನಡ ಪಾಠ ಮಾಡಿ ನಿವೃತ್ತರಾದವರು. ಜಗಳಕ್ಕೆ ಇಷ್ಟು ಸಾಕಲ್ಲ.

ಮೊದಲ ಜಗಳ ಮ್ಯಾಕ್‌ಬುಕ್ ತಂದ ದಿನವೇ ಆಯಿತು. ಬೆಲೆ ಕೇಳಿದರು, ಹೇಳಿದೆ. ಲೋಟ ಕೆಳಗಿಟ್ಟು, "ಎರಡು ಸೀಮೆಹಸು ಬರ್ತಿತ್ತಲ್ಲಯ್ಯಾ!" ಅಂದರು. ಹಸು ಸಗಣಿ ಹಾಕುತ್ತೆ, ಇದು ಹಾಕಲ್ಲ ಅಂದೆ. "ಹಾಲೂ ಕೊಡಲ್ಲ" ಅಂದರು. ಅಲ್ಲಿಗೆ ನಿಂತಿತು.

ಈ ಮೋಹ ಹೇಗೆ ಹತ್ತಿತು ಅಂತ ಅವರಿಗೆ ಎಷ್ಟೋ ಸಲ ವಿವರಿಸಿದ್ದೇನೆ. 1984ರಲ್ಲಿ ಮೊದಲ ಮ್ಯಾಕಿಂಟಾಷ್ ಬಂದಾಗ ಅದರೊಳಗಿನ ಅಕ್ಷರಗಳಿಗೆ ಊರುಗಳ ಹೆಸರಿಟ್ಟಿದ್ದರು. ಶಿಕಾಗೊ, ಜಿನೀವಾ, ನ್ಯೂಯಾರ್ಕ್, ಮೊನಾಕೊ. ಸೂಸನ್ ಕೇರ್ ಎಂಬಾಕೆ ಚುಕ್ಕೆ ಚುಕ್ಕೆ ಸೇರಿಸಿ, ರಂಗೋಲಿ ಹಾಕಿದ ಹಾಗೆ ಬಿಡಿಸಿದ ಅಕ್ಷರಗಳು. ಸ್ಟೀವ್ ಜಾಬ್ಸ್ ಕಾಲೇಜು ಬಿಟ್ಟ ಮೇಲೂ ಅಲ್ಲೇ ಸುಳಿದಾಡಿಕೊಂಡು ಅಕ್ಷರ ಬರೆಯೋ ಕಲೆಯ ಕ್ಲಾಸಿನಲ್ಲಿ ಹೋಗಿ ಕೂತಿದ್ದ. ಮ್ಯಾಕಿನ ಅಕ್ಷರ ಚೆಂದವಾಗಿರೋದು ಆ ಕ್ಲಾಸಿನಿಂದ ಅಂತ 2005ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಅವನೇ ಹೇಳಿದ. ನನ್ನ ಇಡೀ ಮ್ಯಾಕ್ ಪುರಾಣದಲ್ಲಿ ಮೇಷ್ಟ್ರಿಗೆ ರುಚಿಸಿದ್ದು ಇದೊಂದೇ. "ಹಾಗನ್ನು, ಕಾಪಿ ಬರೆದಿದ್ದಾನೆ ಹುಡುಗ! ನಮ್ಮ ಶಾಲೇಲಿ ಒಬ್ಬನೂ ನೆಟ್ಟಗೆ ಬರೀಲಿಲ್ಲ."

ಊರ ಹೆಸರಿನ ಮಾತು ಬಂತಲ್ಲ, ನನಗೆ ಬಾಯಿ ತಡೆಯಲಿಲ್ಲ. "ನಮ್ಮೂರಿನ ಹೆಸರಲ್ಲೂ ಒಂದಿದೆ ಮೇಷ್ಟ್ರೇ" ಅಂದುಬಿಟ್ಟೆ. ಇದೆ, ನಿಜವಾಗಿಯೂ. ಗುಬ್ಬಿ ಅಂತ. ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ ಕನ್ನಡ ಯೂನಿಕೋಡ್ ಫಾಂಟು. ಡೆಬಿಯನ್, ಉಬುಂಟು ಬಳಸುವವರಿಗೆ ಗೊತ್ತಿರುತ್ತದೆ. ಅದಕ್ಕೊಂದು ಜೊತೆಯೂ ಉಂಟು, ನವಿಲು ಅಂತ, ಕೈಬರಹದ ಹಾಗಿರೋದು.

"ಜತೇಲಿ ನವಿಲಿದೆ ಅಂದ್ಮೇಲೆ ಅದು ಹಕ್ಕಿ ಕಣಪ್ಪಾ. ನಿಮ್ಮೂರಲ್ಲ."

ಅವರ ತರ್ಕದಲ್ಲಿ ಹುಳುಕಿಲ್ಲ ಅಂತ ನನಗೂ ಗೊತ್ತು. ಹಾಗಂತ ಬಿಟ್ಟುಕೊಡೋಕಾಗುತ್ತಾ? ಶಿಕಾಗೊ ಪಕ್ಕ ಗುಬ್ಬಿ ಕೂತರೆ ಅದು ಊರೇ ಅಂತ ವಾದಿಸಿದೆ. ಇವತ್ತಿಗೂ ಇತ್ಯರ್ಥವಾಗಿಲ್ಲ. ಗೂಗಲ್ ಫಾಂಟ್ಸ್‌ನಲ್ಲಿ ಹುಬ್ಬಳ್ಳಿ ಅಂತಲೂ ಒಂದಿದೆ ಅಂದಿದ್ದು ಗಾಯದ ಮೇಲೆ ಬರೆ ಎಳೆದಂತಾಯಿತು. "ಟಿಪ್ಪು ಕಾಲದಿಂದ ಕುದುರೆ ಸಾಕಿದ ಊರು ನಮ್ದು. ನಮ್ಮ ಕೆರೆ ಮೇಲಿನ ಹಾಡನ್ನ ಇಡೀ ರಾಜ್ಯ ಹಾಡುತ್ತೆ. ಒಂದು ಫಾಂಟಿಗೆ ಕುಣಿಗಲ್ ಅಂತ ಹೆಸರಿಡೋಕೆ ಯಾರಿಗೂ ಕೈ ಬರಲಿಲ್ವೇ?"

ಮೇಷ್ಟ್ರ ಕಣ್ಣು ಎಂಥದ್ದು ಅಂತ ಗೊತ್ತಾಗಿದ್ದು ಒಂದು ಶಾಲೆಯ ಫಲಿತಾಂಶದ ಪುಟ ಮಾಡುವಾಗ. ಕರೆಂಟು ಹೋಗಿತ್ತು. ಮನೆಯೊಳಗೆ ಮೊಬೈಲ್ ಸಿಗ್ನಲ್ ಸಿಗದೆ ಲ್ಯಾಪ್‌ಟಾಪನ್ನು ತಂದು ಗೋಡೆ ಮೇಲಿಟ್ಟುಕೊಂಡಿದ್ದೆ. ನುಗ್ಗೆ ಸೊಪ್ಪು ಬಿಡಿಸುತ್ತಿದ್ದ ಮೇಷ್ಟ್ರು ಕತ್ತು ಚಾಚಿದರು.

"ಏನಿದು ರ್ಯಾಂಕ್? ಸೂರ್ಯ, ಕಾರ್ಯದ ಅರ್ಕಾವೊತ್ತು ಇಲ್ಲಿಗ್ಯಾಕೆ ಬಂತು? ರ ಪೂರ್ತಿ ನಿಂತು, ಕೆಳಗೆ ಯ ಒತ್ತು ಬರಬೇಕು."

ಸರಿಯೇ. ರ, ಆಮೇಲೆ ಹಲಂತ, ಆಮೇಲೆ ಯ ಅಂತ ಒತ್ತಿದರೆ ಕಂಪ್ಯೂಟರು ಕಣ್ಣು ಮುಚ್ಚಿ ಅರ್ಕಾವೊತ್ತು ಮಾಡುತ್ತದೆ. ಮ್ಯಾಕಾದರೂ ಅಷ್ಟೆ, ಇನ್ನೊಂದಾದರೂ ಅಷ್ಟೆ. ಬೇಡ ಅಂದರೆ ರ ಮತ್ತು ಹಲಂತದ ನಡುವೆ ಕಾಣದ ಇನ್ನೊಂದು ಚಿಹ್ನೆ ತೂರಿಸಬೇಕು. ತೂರಿಸಿದೆ. ರ‍್ಯಾಂಕ್ ಅಂತ ಕೂತಿತು.

"ಕಣ್ಣಿಗೆ ಕಾಣದ ಅಕ್ಷರ?"

"ಹೂಂ ಮೇಷ್ಟ್ರೇ. ಅಗಲ ಇಲ್ಲ, ಸದ್ದಿಲ್ಲ. ಅದಿಲ್ಲದಿದ್ರೆ ಮಾತ್ರ ಕೆಲಸ ಕೆಡುತ್ತೆ."

"ನಮ್ಮ ಸ್ಕೂಲಿನ ಜವಾನನ ಹಾಗೆ" ಅಂದು ಸೊಪ್ಪಿಗೆ ಮರಳಿದರು. ಆ ಪುಟದಲ್ಲಿ ಹದಿನಾಲ್ಕು ಕಡೆ ತಿದ್ದಿದೆ.

ಅವತ್ತಿನಿಂದ ಅವರು ನನ್ನ ಪ್ರೂಫ್ ರೀಡರು, ಬಿಟ್ಟಿ. ಬೆಂಗಳೂರಿನಿಂದ ಬರುವ ಟೆಂಪ್ಲೇಟುಗಳೆಲ್ಲ ಇಂಗ್ಲಿಷಿನ ಅಳತೆಯವು, ಸಾಲುಗಳ ನಡುವೆ ಗಾಳಿಯಾಡೋದೇ ಇಲ್ಲ. ಇಂಗ್ಲಿಷಿನಲ್ಲಿ ಜಿ, ವೈ ಥರದ ನಾಲ್ಕಾರು ಅಕ್ಷರಕ್ಕೆ ಬಾಲ, ಅಷ್ಟೆ. ನಮ್ಮದು ರಾಷ್ಟ್ರೀಯ ಅಂತ ಬರೆದರೆ ಷ ಕೆಳಗೆ ಟ, ಟ ಮಗ್ಗುಲಿಗೆ ರ, ಇಡೀ ಸಂಸಾರವೇ ನೆಲಮಾಳಿಗೆಗೆ ಇಳಿಯುತ್ತದೆ. ಕೆಳಗಿನ ಸಾಲಿನಲ್ಲಿ ಯಾವುದಾದರೂ ಗುಡಿಸು ತಲೆ ಎತ್ತಿಕೊಂಡಿದ್ದರೆ ಮುಗೀತು, ಬಸ್ಸಿನಲ್ಲಿ ಒಬ್ಬರ ಮೇಲೊಬ್ಬರು ನಿಂತ ಹಾಗೆ. ಅಕ್ಷರದ ಅಳತೆಯ 1.4 ಪಟ್ಟು ಎತ್ತರ ಇಂಗ್ಲಿಷ್ ಸಾಲಿಗೆ ಸಾಕು; ಕನ್ನಡಕ್ಕೆ 1.7ಕ್ಕಿಂತ ಕಡಿಮೆ ನಾನು ಕೊಡಲ್ಲ. ಇಷ್ಟಕ್ಕೇ ಬೆಂಗಳೂರಿನ ಮ್ಯಾನೇಜರ್ ಹತ್ತಿರ ವಾರಕ್ಕೊಂದು ಜಗಳ.

ಗುಬ್ಬಿ ಕಡೆಯ ತೆಂಗಿನಕಾಯಿ ಮಂಡಿಯವರೊಬ್ಬರ ಕತೆ ಬೇರೆ. ಅವರು ಕಳಿಸಿದ ಕಡತ ಯೂನಿಕೋಡ್ ಅಲ್ಲದ ಹಳೇ ಫಾಂಟಿನದು. ಮ್ಯಾಕಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳು ತಲೆಗೊಂದು ಟೋಪಿ, ಮೂಗಿಗೊಂದು ಚುಕ್ಕೆ ಹಾಕಿಕೊಂಡು ಜಾತ್ರೆಗೆ ಹೊರಟ ಹಾಗೆ ಕಂಡವು. ಅದನ್ನೆಲ್ಲ ಬದಲಿಸಿ, ಬಿಳೀ ಹಿನ್ನೆಲೆಯಲ್ಲಿ ಒಂದೇ ಒಂದು ತೆಂಗಿನಕಾಯಿ ಇಟ್ಟು, ಆಪಲ್ ಜಾಹೀರಾತಿನ ಥರ ಮಾಡಿ ತೋರಿಸಿದೆ. ಯಜಮಾನರ ಮುಖ ಬಾಡಿತು. "ಸಪ್ಪೆ ಆಯ್ತು ಸಾರ್. ನಮ್ಮದು ವೀರಣ್ಣನವರ ಊರು!" ತಪ್ಪೇನಿಲ್ಲ. ವೀರಣ್ಣನವರದು 1884ರಲ್ಲಿ ಶುರುವಾದ ನಾಟಕ ಕಂಪನಿ, ಕುರುಕ್ಷೇತ್ರಕ್ಕೆ ನಿಜವಾದ ಆನೆ ಕುದುರೆಯನ್ನೇ ರಂಗದ ಮೇಲೆ ತಂದದ್ದು. ಅಂಥ ಊರಿನವರ ಮುಂದೆ ಖಾಲಿ ಬಿಳಿ ಪರದೆ ಎಳೆದು ಇದೇ ಡಿಸೈನು ಅಂದರೆ ಯಾರು ಟಿಕೆಟ್ ತಗೋತಾರೆ? ಕಾಯಿ ಉರುಳುವ ಹಾಗೆ ಮಾಡಿಕೊಟ್ಟೆ. ನನಗಿನ್ನೂ ಹಿಡಿಸಿಲ್ಲ. ಅವರಿಗೆ ಬಲು ಖುಷಿ.

2025ರ ಸೆಪ್ಟೆಂಬರ್‌ನಲ್ಲಿ ಹೆಬ್ಬಾಳದ ಮಾಲಿನಲ್ಲಿ ಆಪಲ್ ಅಂಗಡಿ ತೆರೆದಾಗ ಒಂದು ಭಾನುವಾರ ಹೋಗಿ ಬಂದೆ, ಕೊಳ್ಳೋದೇನೂ ಇರಲಿಲ್ಲ. ದಾರಿಯಲ್ಲಿ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ. ವಾಪಸು ಬಂದಾಗ ಮೇಷ್ಟ್ರು, "ದರ್ಶನ ಆಯ್ತಾ? ಪ್ರಸಾದ ಏನು?" ಅಂದರು. ಅಂಗಡಿ ತೆರೆಯೋ ಮುಂಚೆ ಅದರ ಮುಂಭಾಗಕ್ಕೆ ನವಿಲುಗರಿಯ ಚಿತ್ರ ಹೊದಿಸಿದ್ದರು ಅಂತ ಹೇಳಿದೆ. "ನೋಡು, ಅಲ್ಲೂ ನವಿಲೇ. ಗುಬ್ಬಿ ಹಕ್ಕಿ ಅನ್ನೋದಕ್ಕೆ ಇನ್ನೇನು ಸಾಕ್ಷಿ ಬೇಕು?"

ಮ್ಯಾಕಿಗೆ ಕನ್ನಡ ಅಕ್ಷರ ಬಂದ ಬಗೆ ಹೇಳಿದ ದಿನ ಮಾತ್ರ ಅವರು ವಾದಕ್ಕೆ ನಿಲ್ಲಲಿಲ್ಲ. 2011ರ ಲಯನ್ ಆವೃತ್ತಿಯ ಜೊತೆ ಕನ್ನಡ ಎಂಎನ್ ಅನ್ನೋ ಫಾಂಟು ಬಂತು. ಎಂಎನ್ ಅಂದರೆ ಮುತ್ತು ನೆಡುಮಾರನ್, ಮಲೇಷ್ಯಾದ ತಮಿಳರು. "ನಮ್ಮ ಅಕ್ಷರ ತಿದ್ದಿಕೊಡೋಕೆ ಮಲೇಷ್ಯಾದಿಂದ ಬರಬೇಕಾಯ್ತು" ಅಂದವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಒಳಗೆ ಹೋಗಿ ಸೀಮೆಸುಣ್ಣ ತಂದರು. ನಿವೃತ್ತರಾದ ಮೇಲೂ ಮೇಷ್ಟ್ರ ಮನೆಯಲ್ಲಿ ಸೀಮೆಸುಣ್ಣಕ್ಕೆ ಬರವಿಲ್ಲ. ಗೋಡೆಯ ನಮ್ಮ ಕಡೆಯ ಮಗ್ಗುಲಿಗೆ ಬಂದು, ಗಾರೆಯ ಮೇಲೆ ಗೇಣುದ್ದದ ಅಕ್ಷರದಲ್ಲಿ ಬರೆದರು: ಕುಣಿಗಲ್. ತಲೆಕಟ್ಟು ತುಸು ಮೇಲಕ್ಕೆ ಬಾಗಿತ್ತು. ಕೊಂಬಿನ ತಿರುವಿನಲ್ಲಿ ಕೈ ಒಂಚೂರು ನಡುಗಿತ್ತು.

"ಇದನ್ನ ಫಾಂಟು ಮಾಡು."

ಇಂಗ್ಲಿಷಿಗಾದರೆ ದೊಡ್ಡದು ಚಿಕ್ಕದು ಸೇರಿ 52 ರೂಪ. ನಮ್ಮದು 49 ಮೂಲಾಕ್ಷರ, 34 ವ್ಯಂಜನಕ್ಕೂ ಕಾಗುಣಿತ, ಅದರ ಮೇಲೆ ಒಂದೊಂದಕ್ಕೂ ಒತ್ತು. ಒಬ್ಬನೇ ಕೂತರೆ ವರ್ಷಗಟ್ಟಲೆ ಹಿಡಿಯುತ್ತೆ ಅಂದೆ.

"ಎಲ್ಲ ಯಾರಿಗೆ ಬೇಕು? ನಾಲ್ಕಕ್ಷರ ಮಾಡು. ಬೋರ್ಡಿಗೆ ಸಾಕು."

ಫೋಟೊ ತೆಗೆದು ಮ್ಯಾಕಿಗೆ ಹಾಕಿಕೊಂಡಿದ್ದೇನೆ. ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ಗೆರೆ ಎಳೆಯುತ್ತೇನೆ. ಕು ಮುಗಿದಿದೆ. ನಡುಕವನ್ನು ಹಾಗೇ ಬಿಟ್ಟಿದ್ದೇನೆ, ಅದು ಕಂಡರೆ ಬೈಯುತ್ತಾರೆ. ಣಿ ತೋರಿಸಿದೆ. ಗುಡಿಸು ಸಾಲದು, ಇನ್ನೂ ದುಂಡಗೆ ಬೇಕಂತೆ.