ಖಾಲಿ ಹುದ್ದೆಗೊಂದು ಬಿನ್ನವತ್ತಳೆ

ವೇದಿಕೆಯ ಮೇಲೆ ಆಸೀನರಾಗಿರುವ ಸನ್ಮಾನ್ಯ ಕುಲಪತಿಗಳೇ. ಕುಲಪತಿಗಳ ಬಲಗಡೆಯೇ ಕೂರಬೇಕೆಂದು ಇಬ್ಬರು ಡೀನರನ್ನು ಎಬ್ಬಿಸಿ ಆಸೀನರಾದ ಮಾನ್ಯ ಸಿಂಡಿಕೇಟ್ ಸದಸ್ಯರೇ. ಆಡಳಿತದ ಕುಲಸಚಿವರೇ, ಮೌಲ್ಯಮಾಪನದ ಕುಲಸಚಿವರೇ, ಇವರಿಬ್ಬರೂ ಒಂದೇ ಕಡತಕ್ಕೆ ಒಂದೇ ವಾರದಲ್ಲಿ ಸಹಿ ಹಾಕುವ ಶುಭಗಳಿಗೆಯನ್ನು ಕಾಯುತ್ತಿರುವ ಅಧೀಕ್ಷಕರೇ. ಈ ಸಭಾಂಗಣದಲ್ಲಿ ಎಲ್ಲೂ ಕಾಣದಿದ್ದರೂ ಅಣುರೇಣುತೃಣಕಾಷ್ಠಗಳಲ್ಲಿ ವ್ಯಾಪಿಸಿ, 'ಪರಿಶೀಲಿಸಿ ಮಂಡಿಸಿ' ಎಂಬೆರಡು ಪದಗಳಿಂದಲೇ ಲೋಕವನ್ನಾಳುತ್ತಿರುವ ಆರ್ಥಿಕ ಇಲಾಖೆಯೇ. ಮತ್ತು ಇವರೆಲ್ಲರ ನಡುವೆ ಜರಿ ಹೊದಿಸಿದ ಎತ್ತರದ ಕುರ್ಚಿಯನ್ನು ತಮ್ಮ ಗೈರುಹಾಜರಿಯಿಂದಲೇ ಬೆಳಗುತ್ತಿರುವ, ಇಂದಿನ ಸನ್ಮಾನಿತರಾದ, ರಾಜ್ಯಶಾಸ್ತ್ರ ವಿಭಾಗದ ಮಂಜೂರಾದ, ಭರ್ತಿಯಾಗದ, ಭರ್ತಿಯಾಗುವ ಲಕ್ಷಣವೂ ಇಲ್ಲದ, ಪರಮಪೂಜ್ಯ ಖಾಲಿ ಸಹಾಯಕ ಪ್ರಾಧ್ಯಾಪಕ ಹುದ್ದೆಯವರೇ,

ಸನ್ಮಾನ ಸಮಿತಿಯ ಪರವಾಗಿ ತಮ್ಮ ಅಡಿದಾವರೆಗಳಲ್ಲಿ ಈ ಬಿನ್ನವತ್ತಳೆಯನ್ನು ಅರ್ಪಿಸುತ್ತಿದ್ದೇನೆ. ಅರ್ಪಣೆ ಆರ್ಥಿಕ ಇಲಾಖೆಯ ಸಹಮತಿಗೆ ಒಳಪಟ್ಟಿರುತ್ತದೆ.

ಹಿಂದಿನ ಪ್ರಾಧ್ಯಾಪಕರ ಬೀಳ್ಕೊಡುಗೆಯ ಹಾರ ಒಣಗುವ ಮೊದಲೇ ತಾವು ಖಾಲಿಯಾಗಿ ಅಧಿಕಾರ ಸ್ವೀಕರಿಸಿದಿರಿ. ಅಂದಿನಿಂದ ಒಂದು ದಿನವೂ ಸಾಂದರ್ಭಿಕ ರಜೆ ಹಾಕಿಲ್ಲ. ಗಳಿಕೆ ರಜೆ ನಗದು ಮಾಡಿಕೊಡಿ ಎಂದಿಲ್ಲ. ಹಳೇ ಪಿಂಚಣಿಯೋ ಹೊಸ ಪಿಂಚಣಿಯೋ ಎಂದು ಫ್ರೀಡಂ ಪಾರ್ಕಿಗೆ ಹೋಗಿ ಕೂತಿಲ್ಲ. ವಿಭಾಗದ ಮುಖ್ಯಸ್ಥಗಿರಿಗಾಗಿ ಯಾರ ಮೇಲೂ ಮೂಕರ್ಜಿ ಬರೆಸಿಲ್ಲ. ಸಾಮಾನ್ಯ ವರ್ಗ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಪ್ರವರ್ಗ ಒಂದು, ಎರಡು-ಎ, 371-ಜೆ ಎಂದು ರೋಸ್ಟರಿನ ಎಲ್ಲ ಬಿಂದುಗಳಿಗೂ ಭೇದವಿಲ್ಲದೆ ಸಮನಾಗಿ ಸಿಗದೇ ಉಳಿದಿದ್ದೀರಿ. ಇದಕ್ಕಿಂತ ಸಾಮಾಜಿಕ ನ್ಯಾಯ ಬೇಕೆ? ಇಲ್ಲಿ ಚಪ್ಪಾಳೆ ಬರಬೇಕಿತ್ತು. ಸಿಂಡಿಕೇಟ್ ಸದಸ್ಯರು ಫೋನಿನಲ್ಲಿದ್ದಾರೆ, ಪರವಾಗಿಲ್ಲ.

ತಾವು ಖಾಲಿಯಿದ್ದರೂ ತಮ್ಮ ಪಾಠ ಒಂದು ದಿನವೂ ನಿಂತಿಲ್ಲ ಎಂಬುದು ತಮ್ಮ ದೊಡ್ಡ ಪವಾಡ. ಪ್ಲೇಟೋನ ತತ್ತ್ವಜ್ಞಾನಿ ರಾಜನಿಂದ ಹಿಡಿದು ಪಂಚಾಯತ್ ರಾಜ್‌ವರೆಗೆ, ಎಪ್ಪತ್ತಮೂರನೇ ತಿದ್ದುಪಡಿಯ ಸಮೇತ, ಪಾಠ ನಡೆದಿದೆ. ಬಿ.ಕಾಂ. ಮಕ್ಕಳ ಸಂವಿಧಾನ ಪತ್ರಿಕೆಯ ಪಾಠವೂ ನಡೆದಿದೆ. ಆಂತರಿಕ ಅಂಕ ಹೊತ್ತಿಗೆ ಸರಿಯಾಗಿ ಅಪ್‌ಲೋಡ್ ಆಗಿದೆ. ಇದೆಲ್ಲ ಹೇಗಾಯಿತು? ಅಗೋ, ಬಾಗಿಲ ಬಳಿ ಫಲತಾಂಬೂಲದ ತಟ್ಟೆ ಹಿಡಿದು ಒಬ್ಬ ಮೇಡಂ ನಿಂತಿದ್ದಾರಲ್ಲ, ಅವರಿಂದಾಗಿ. ಅವರು ಅತಿಥಿ ಉಪನ್ಯಾಸಕರು. ನೆಟ್ ಪಾಸಾಗಿದೆ, ಪಿಎಚ್.ಡಿ. ಆಗಿದೆ, ಪ್ರತಿ ವರ್ಷವೂ ತಮ್ಮದೇ ಜಾಗಕ್ಕೆ ತಾವೇ ಹೊಸದಾಗಿ ಅರ್ಜಿ ಹಾಕಿ, ಅದೇ ಅಂಕಪಟ್ಟಿಗಳ ಅದೇ ನಕಲುಗಳನ್ನು ಮತ್ತೆ ದೃಢೀಕರಿಸಿ ಕೊಡುವುದೂ ಆಗಿದೆ. ಎರಡು ಸೆಮಿಸ್ಟರುಗಳ ನಡುವೆ ಅವರು ಏನು ತಿನ್ನುತ್ತಾರೆ ಎಂಬುದು ಪಠ್ಯಕ್ರಮದಲ್ಲಿಲ್ಲ. ಈ ಕಾರ್ಯಕ್ರಮದ ನಿರೂಪಣೆ ಅವರದು, ಸ್ವಾಗತ ಅವರದು, ಪ್ರಾರ್ಥನೆಗೆ ಮಕ್ಕಳನ್ನು ತಯಾರು ಮಾಡಿದ್ದೂ ಅವರೇ. 2023ರ ಸೆಪ್ಟೆಂಬರ್ 15ರಂದು, ರಾಜ್ಯದ ತುಂಬ ಸಂವಿಧಾನ ಪೀಠಿಕೆಯ ಸಾಮೂಹಿಕ ವಾಚನವಾದಾಗ, ಈ ಆವರಣದಲ್ಲಿ ಮೈಕು ಹಿಡಿದು ಓದಿಸಿದ್ದೂ ಅವರೇ. ಸಾಮಾಜಿಕ, ಆರ್ಥಿಕ, ರಾಜಕೀಯ ನ್ಯಾಯ ಎಂದು ಅವರು ಮೂರನ್ನೂ ತಪ್ಪಿಲ್ಲದೆ ಉಚ್ಚರಿಸಿದರು. ನಡುವಿನದು ಆರ್ಥಿಕ ಇಲಾಖೆಯ ಸಹಮತಿಗೆ ಒಳಪಟ್ಟಿದೆ.

ತಮ್ಮ ವಿಷಯ ರಾಜ್ಯಶಾಸ್ತ್ರವಾದ್ದರಿಂದ ಕೌಟಿಲ್ಯನನ್ನು ನೆನೆಯದೆ ಮುಂದೆ ಹೋಗಲಾಗದು. ಅರ್ಥಶಾಸ್ತ್ರದ ಐದನೆಯ ಅಧಿಕರಣದಲ್ಲಿ ರಾಜ್ಯದ ಸಂಬಳದ ಪಟ್ಟಿಯೇ ಇದೆ. ಮಂತ್ರಿ, ಪುರೋಹಿತ, ಸೇನಾಪತಿ, ಯುವರಾಜ ಇವರಿಗೆಲ್ಲ ತಲಾ 48,000 ಪಣ. ಪಾಠ ಹೇಳುವ ವಿದ್ಯಾವಂತರಿಗೆ ಯೋಗ್ಯತೆ ನೋಡಿ 500ರಿಂದ 1,000 ಪಣ. ಅದಕ್ಕೆ ಆತ ಇಟ್ಟ ಹೆಸರು ಪೂಜಾವೇತನ. ಅಂದರೆ ಎರಡು ಸಾವಿರ ವರ್ಷಗಳ ಹಿಂದೆಯೇ ಆರ್ಥಿಕ ಇಲಾಖೆ ಇತ್ತು! ಆದರೂ ಚಾಣಕ್ಯ ತನ್ನ ಪಟ್ಟಿಯಲ್ಲಿ ಒಂದು ಕನಿಷ್ಠ ಗೆರೆಯನ್ನು ಎಳೆದಿದ್ದ ಎಂಬುದನ್ನು ಸಿಂಡಿಕೇಟಿನ ಗಮನಕ್ಕೆ ತರುತ್ತೇನೆ.

ನಮ್ಮಲ್ಲಿಯೂ ಗೆರೆಗಳಿವೆ, ಕ್ಷಮಿಸಿ, ಈ ಭಾಗ ಕಾರ್ಯಕ್ರಮ ಪಟ್ಟಿಯಲ್ಲಿ ಇಲ್ಲ, ಆದರೂ ಹೇಳಿಬಿಡುತ್ತೇನೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿಗಳಿಗೆ 2022ರ ಜನವರಿಯವರೆಗೆ ತಿಂಗಳಿಗೆ 11,000, ಯುಜಿಸಿ ಅರ್ಹತೆ ಇದ್ದರೆ 13,000. ಆ ತಿಂಗಳು ಅದನ್ನು 26,000ದಿಂದ 32,000ದವರೆಗಿನ ಮೊತ್ತಕ್ಕೆ ಏರಿಸಿದರು. ಏರಿಸಿದ ಕೈಯಲ್ಲೇ ವಾರದ ಕಾರ್ಯಭಾರವನ್ನು ಹದಿನೈದು ಗಂಟೆ ಮಾಡಿದರು, ಅಲ್ಲಿಗೆ ಇಬ್ಬರ ಪಾಠ ಒಬ್ಬರಿಗೆ ಸೇರಿ ಇನ್ನೊಬ್ಬರು ಮನೆಗೆ ಹೋದರು. 2023ರ ಕೊನೆಗೆ ಅತಿಥಿಗಳು ವಾರಗಟ್ಟಲೆ ತರಗತಿ ಬಹಿಷ್ಕರಿಸಿ, ಹೊಸ ವರ್ಷಕ್ಕೆ ತುಮಕೂರಿನಿಂದ ಬೆಂಗಳೂರಿನ ಕಡೆ ಕಾಲ್ನಡಿಗೆಯಲ್ಲಿ ಹೊರಟ ಮೇಲೆ ಸರ್ಕಾರ ಸೇವಾವಧಿ ನೋಡಿ ಐದರಿಂದ ಎಂಟು ಸಾವಿರ ಕೂಡಿಸಿತು. ಅವರು ಕೇಳಿದ್ದು ಖಾಯಮಾತಿ, ಸಿಕ್ಕಿದ್ದು ಅದಲ್ಲ. ಈಗ ಲೆಕ್ಕ ಹಾಕಿ. ಹದಿನೈದು ವರ್ಷ ದಾಟಿದ ಅರ್ಹ ಅತಿಥಿಗೆ 40,000. ಈಚೆಗೆ ಸೇರಿದ ಖಾಯಂ ಸಹಾಯಕ ಪ್ರಾಧ್ಯಾಪಕರಿಗೆ, ತುಟ್ಟಿಭತ್ಯೆ ಮನೆಬಾಡಿಗೆ ಬಿಟ್ಟು, ಯುಜಿಸಿ ಮೂಲವೇತನವೇ 57,700. ಖಾಯಮ್ಮಿನವರ ಬೋಧನಾ ಅವಧಿ ವಾರಕ್ಕೆ ಹದಿನಾರು ಗಂಟೆ, ಅತಿಥಿಯದು ಹದಿನೈದು. ಆ ಒಂದು ಗಂಟೆಯಲ್ಲಿ ಅಂಥದ್ದೇನು ಪಾಠ ಮಾಡುತ್ತಾರೆ ಸ್ವಾಮಿ?

ಇರಲಿ, ಮಂಗಳ ಸಮಾರಂಭ. ಧ್ವನಿ ಏರಿಸಬಾರದು ಎಂದು ಕುಲಸಚಿವರು ಸನ್ನೆ ಮಾಡುತ್ತಿದ್ದಾರೆ.

ಹೇ ಖಾಲಿ ಹುದ್ದೆಯೇ, ನಿತ್ಯ ನಿರ್ವಿಕಾರವೇ, ಶೂನ್ಯ ಸಿಂಹಾಸನಾಧೀಶ್ವರವೇ! ತಮ್ಮನ್ನು ಕಾಪಾಡಲು ಕಡತಗಳಲ್ಲಿ ಒಂದು ಮಂತ್ರವಿದೆ, ಉಮಾದೇವಿ ಪ್ರಕರಣ ಎಂದು. ಅದು ನಮ್ಮ ರಾಜ್ಯದ್ದೇ. ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿಗಳ ತಗಾದೆ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದವರೆಗೆ ಹೋಗಿ 2006ರ ಏಪ್ರಿಲ್ 10ರಂದು ತೀರ್ಪಾಯಿತು. ಹಿಂಬಾಗಿಲಿನಿಂದ ಬಂದವರಿಗೆ ಖಾಯಮಾತಿಯ ಹಕ್ಕಿಲ್ಲ ಎಂದು ಅದರಲ್ಲಿದೆ. ಯಾವ ಗುಮಾಸ್ತನನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಇಷ್ಟನ್ನು ಹೇಳುತ್ತಾನೆ. ಅದೇ ತೀರ್ಪಿನ ಐವತ್ತಮೂರನೇ ಪ್ಯಾರಾ ಕೇಳಿದರೆ ಮಾತ್ರ ನಿದ್ದೆ ಹೋಗುತ್ತಾನೆ. ಮಂಜೂರಾದ ಹುದ್ದೆಯಲ್ಲಿ ನ್ಯಾಯಾಲಯದ ತಡೆಯಾಜ್ಞೆಯ ಬಲವಿಲ್ಲದೆ ಹತ್ತು ವರ್ಷ ದುಡಿದ ಅರ್ಹರನ್ನು ಒಂದು ಸಲಕ್ಕೆಂದು ಪರಿಗಣಿಸಿ, ಉಳಿದ ಖಾಲಿ ಹುದ್ದೆಗಳಿಗೆ ಕ್ರಮಬದ್ಧ ನೇಮಕಾತಿ ನಡೆಸಿ, ಆರು ತಿಂಗಳಲ್ಲಿ ಶುರು ಮಾಡಿ ಎಂದಿದೆ ಅಲ್ಲಿ! ಅತಿಥಿಗಳು ಮಂಜೂರಾದ ಹುದ್ದೆಯ ಮೇಲೆ ಕೂತವರೇ ಅಲ್ಲ, ಬರೀ ಕಾರ್ಯಭಾರದ ಮೇಲೆ ಕೂತವರು ಎಂದು ವಾದಿಸುವ ಜಾಣರು ಇದೇ ವೇದಿಕೆಯಲ್ಲಿದ್ದಾರೆ. ಹಾಗಾದರೆ ಕ್ರಮಬದ್ಧ ನೇಮಕಾತಿಯನ್ನಾದರೂ ಮಾಡಿ! ಮೇಡಂ ಸ್ಪರ್ಧೆಗೆ ಹೆದರುವವರಲ್ಲ. ಅಧಿಸೂಚನೆ ಬರುವುದರೊಳಗೆ ವಯೋಮಿತಿ ದಾಟಿಬಿಡುತ್ತದೆ ಎಂಬುದೊಂದೇ ಅವರ ಹೆದರಿಕೆ.

ಯುಜಿಸಿಯ 2018ರ ನಿಯಮಾವಳಿಯಲ್ಲಿಯೂ ಒಂದು ಸಾಲಿದೆ. ಗುತ್ತಿಗೆ ಅಧ್ಯಾಪಕರು ಒಟ್ಟು ಬೋಧಕ ಹುದ್ದೆಗಳ ಶೇ. 10ನ್ನು ಮೀರಬಾರದು, ಅವರಿಗೆ ಕೊಡುವುದು ಖಾಯಂ ಸಹಾಯಕ ಪ್ರಾಧ್ಯಾಪಕರ ಒಟ್ಟು ತಿಂಗಳ ಸಂಬಳಕ್ಕಿಂತ ಕಡಿಮೆ ಇರಬಾರದು. ಅದಕ್ಕೇ ನಮ್ಮವರು ಗುತ್ತಿಗೆ ಎನ್ನುವುದಿಲ್ಲ, ಅತಿಥಿ ಎನ್ನುತ್ತಾರೆ. ಅತಿಥಿಗೂ ಯುಜಿಸಿ 2019ರಲ್ಲಿ ಒಂದು ಪಾಠಕ್ಕೆ 1,500, ತಿಂಗಳಿಗೆ ಹೆಚ್ಚೆಂದರೆ 50,000 ಎಂದಿತು. ಅದು ಬಂದಾಗ ನಮ್ಮ ಕಚೇರಿ 'ಕಡತಕ್ಕೆ ಲಗತ್ತಿಸಿ' ಎಂದು ಬರೆದು ಲಗತ್ತಿಸಿತು. ಇನ್ನು ನ್ಯಾಕ್ ತಂಡ ಬಂದರೆ ಕೇಳುವ ಪ್ರಶ್ನೆಗಳಲ್ಲೊಂದು, ಮಂಜೂರಾದ ಹುದ್ದೆಗಳಿಗೆ ಪೂರ್ಣಕಾಲಿಕ ಅಧ್ಯಾಪಕರ ಅನುಪಾತ ಎಷ್ಟು ಎಂಬುದು. ಆ ದಿನವೊಂದೇ ಖಾಲಿ ಹುದ್ದೆಯವರು ನಮಗೆ ಮುಜುಗರ ತಂದದ್ದು.

ಬೋಧನೆಗೇ ಮೀಸಲಾದ ಹುದ್ದೆ ಎಂಬುದು ಅವಮಾನದ ಮಾತೇನಲ್ಲ, ಇದನ್ನೂ ಹೇಳಿಬಿಡುತ್ತೇನೆ. ಸಂಶೋಧನಾ ಲೇಖನಗಳ ಎಣಿಕೆಗೆ ಬೀಳದೆ ತರಗತಿಯಲ್ಲೇ ಬದುಕು ಸವೆಸುವವರಿಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪ್ರತ್ಯೇಕ ಶ್ರೇಣಿ ಇದೆ. ಅದರ ಅಧಿಕೃತ ಪದನಾಮ 'ಉದ್ಯೋಗ ಭದ್ರತೆಯುಳ್ಳ ಉಪನ್ಯಾಸಕ', ಆಡುಮಾತಿನಲ್ಲಿ ಬೋಧನಾ ಪ್ರಾಧ್ಯಾಪಕ. ಪದನಾಮದಲ್ಲೇ ಭದ್ರತೆ! ನಮ್ಮ ಆದೇಶದಲ್ಲಿ ಪದನಾಮದ ಕೆಳಗೇ ಇರುವ ಸಾಲು, 'ಯಾವುದೇ ಮುನ್ಸೂಚನೆ ಇಲ್ಲದೆ ಬಿಡುಗಡೆಗೊಳಿಸಲಾಗುವುದು.'

2025ರ ಆಗಸ್ಟ್‌ನಲ್ಲಿ ಗುಜರಾತಿನ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರು, ತಿಂಗಳಿಗೆ 30,000ದವರು, ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ಸಹಾಯಕ ಪ್ರಾಧ್ಯಾಪಕರ ವೇತನಶ್ರೇಣಿಯ ಕನಿಷ್ಠ ಮೊತ್ತವನ್ನಾದರೂ ಕೊಡಿ ಎಂದಿತು ನ್ಯಾಯಾಲಯ. ಅಷ್ಟೇ ಅಲ್ಲ, ಸಮಾರಂಭಗಳಲ್ಲಿ ಗುರುವನ್ನು ಬ್ರಹ್ಮ, ವಿಷ್ಣು, ಮಹೇಶ್ವರ ಎನ್ನುವ ಶ್ಲೋಕ ಹೇಳಿಕೊಂಡು ಕೂತರೆ ಸಾಲದು ಎಂದೂ ಹೇಳಿತು. ಇಂದಿನ ಪ್ರಾರ್ಥನೆಗೆ ಮಕ್ಕಳು ಅದೇ ಶ್ಲೋಕವನ್ನು ಕಲಿತು ಬಂದಿದ್ದರು. ನಾನೇ ಗಣಪತಿ ಸ್ತುತಿಗೆ ಬದಲಾಯಿಸಿದೆ. ನ್ಯಾಯಾಂಗ ನಿಂದನೆ ಆಗಬಾರದಲ್ಲ.

ಆದ್ದರಿಂದ, ಹುದ್ದೆಯವರೇ, ತಮಗೆ ಈಗ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಏಲಕ್ಕಿ ಹಾರ ಹಾಕಿ, ತಮ್ಮ ತ್ಯಾಗದಿಂದ ಉಳಿದ ಹಣದಲ್ಲೇ ಕೊಂಡ ಶ್ರೀಗಂಧದ ಸ್ಮರಣಿಕೆಯನ್ನು ಕೊಡುತ್ತಿದ್ದೇವೆ. ಪೇಟ ತಲೆಯಿಲ್ಲದ ಕಡೆ ನಿಲ್ಲುವುದಿಲ್ಲ, ಯಾರಾದರೂ ಹಿಡಿದುಕೊಳ್ಳಬೇಕು. ಮೇಡಂ, ತಟ್ಟೆ ಅಲ್ಲಿಡಿ, ಸ್ವಲ್ಪ ಬಂದು ಪೇಟ ಹಿಡಿದುಕೊಳ್ಳಿ. ಫೋಟೋದವರೇ, ಮೇಡಂ ಫ್ರೇಮಿನಲ್ಲಿ ಬರದಂತೆ ನೋಡಿಕೊಳ್ಳಿ.

ಸಭೆಯ ನಂತರ ಲಘು ಉಪಾಹಾರವಿದೆ. ಕೂಪನ್ ಖಾಯಂ ಸಿಬ್ಬಂದಿಗೆ ಮಾತ್ರ. ಖಾಲಿ ಹುದ್ದೆಯವರ ಪಾಲಿನ ಮೈಸೂರುಪಾಕು ಮತ್ತು ಖಾರಾಬಾತನ್ನು ಯಾರಿಗೆ ಕೊಡಬೇಕು ಎಂಬ ಪ್ರಶ್ನೆಯನ್ನು ಈಗಷ್ಟೇ ಸಿಂಡಿಕೇಟ್ ಸದಸ್ಯರು ಎತ್ತಿದ್ದಾರೆ. ಕಡತ ಮಂಡಿಸಲಾಗಿದೆ.